ವಿದ್ಯೆಯ ಬೆಲೆಯನ್ನು ತೆತ್ತವರು ಯಾರು? – ಬೀದರ ಸೀಮೆಯ ಸಮಾಜಪೋಷಿತ ವಿದ್ಯಾಲಯಗಳ ಇತಿಹಾಸ

ಆಹಾರ, ಔಷಧ, ಅಭಯ, ಶಾಸ್ತ್ರ ಎಂದು ದಾನವನ್ನು ನಾಲ್ಕು ಬಗೆಯಾಗಿ ಎಣಿಸುವುದು ನಮ್ಮ ಪರಂಪರೆಯಲ್ಲಿ ರೂಢಿ. ಮೊದಲ ಮೂರರ ಫಲ ಕಣ್ಣೆದುರಿಗೇ ಕಾಣುತ್ತದೆ. ಹಸಿದವನು ಉಂಡು ತೃಪ್ತನಾಗುತ್ತಾನೆ, ರೋಗಿ ಗುಣ ಹೊಂದುತ್ತಾನೆ, ಅಂಜಿದವನು ಧೈರ್ಯ ತಾಳುತ್ತಾನೆ. ನಾಲ್ಕನೆಯದರ ಫಲ ಕಾಣಬೇಕಾದರೆ ಒಂದು ತಲೆಮಾರಾದರೂ ಕಾಯಬೇಕು. ಆದುದರಿಂದಲೇ ಶಾಸ್ತ್ರದಾನವನ್ನು, ಇಂದಿನ ಮಾತಿನಲ್ಲಿ ವಿದ್ಯಾದಾನವನ್ನು, ಎಲ್ಲರೂ ಹೊಗಳುತ್ತಾರೆ, ಆದರೆ ಅದರ ಖರ್ಚಿನ ಲೆಕ್ಕವನ್ನು ಬರೆದಿಡುವವರು ವಿರಳ. ವಿದ್ಯೆ ಎಂದೂ ಬಿಟ್ಟಿಯಾಗಿ ದೊರೆತದ್ದಿಲ್ಲ. ವಿದ್ಯಾರ್ಥಿಯು ಕೊಡದಿದ್ದ ಹಣವನ್ನು ಮತ್ತಾರೋ ಕೊಟ್ಟಿರುತ್ತಾರೆ. ಹತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದನ್ನು ನಾವೆಲ್ಲರೂ ಅಭಿಮಾನದಿಂದ ನೆನೆಯುತ್ತೇವೆ. ಆ ಸಾವಿರ ಪ್ರತಿಗಳಿಗೆ ಬೇಕಾದ ಓಲೆಗರಿಯ ಬೆಲೆಯನ್ನೂ ಲಿಪಿಕಾರರ ಕೂಲಿಯನ್ನೂ ಓದುಗನು ಕೊಡಲಿಲ್ಲ, ಅತ್ತಿಮಬ್ಬೆಯೇ ಕೊಟ್ಟಳು. ವಿದ್ಯೆಯನ್ನು ಅಗ್ಗವಾಗಿಸುವುದೆಂದರೆ ಇಷ್ಟೇ: ಕಲಿಯುವವನ ಹೆಗಲ ಮೇಲಿನ ಭಾರವನ್ನು ಹೊರಬಲ್ಲವನ ಹೆಗಲಿಗೆ ವರ್ಗಾಯಿಸುವುದು.

ಈ ವರ್ಗಾವಣೆಯು ಬೀದರ ಪಟ್ಟಣದಲ್ಲಿಯೂ ಭಾಲ್ಕಿ ಮತ್ತು ಔರಾದ ತಾಲೂಕುಗಳಲ್ಲಿಯೂ ಕಾಲಕಾಲಕ್ಕೆ ಹೇಗೆ ನಡೆಯಿತು, ಯಾವ ವ್ಯವಸ್ಥೆ ಉಳಿಯಿತು, ಯಾವುದು ಅಳಿಯಿತು, ಏಕೆ ಅಳಿಯಿತು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ. ಬಸದಿಗಳ ಆಡಳಿತವನ್ನೂ ಟ್ರಸ್ಟುಗಳ ಹಣವನ್ನೂ ನೋಡಿಕೊಳ್ಳುವ ಮಹನೀಯರಿಗೆ ಈ ವಿಚಾರವು ಕೇವಲ ಕುತೂಹಲದ ವಿಷಯವಲ್ಲ.

ಬೀದರಿನ ಅತ್ಯಂತ ಪ್ರಸಿದ್ಧ ವಿದ್ಯಾಲಯವನ್ನು ಕಟ್ಟಿಸಿದವನು ಒಬ್ಬ ವ್ಯಾಪಾರಿ ಎಂಬ ಸಂಗತಿಯನ್ನು ನಾವು ಮರೆತಂತಿದೆ. ಇರಾನಿನ ಗೀಲಾನ ಪ್ರಾಂತದ ಮಹಮೂದ್ ಗಾವಾನನು ವ್ಯಾಪಾರಕ್ಕಾಗಿ ಹೊರಟು 1453ರಲ್ಲಿ ಬೀದರಿಗೆ ಬಂದನು. ಬಹಮನಿ ಸುಲ್ತಾನರ ವಿಶ್ವಾಸಕ್ಕೆ ಪಾತ್ರನಾಗಿ ಕ್ರಮೇಣ ರಾಜ್ಯದ ಪ್ರಧಾನಮಂತ್ರಿಯಾದನು. ಅವನಿಗೆ ದೊರೆತ ಬಿರುದು ‘ಮಲಿಕ್-ಉತ್-ತುಜ್ಜಾರ್’, ಎಂದರೆ ವರ್ತಕರ ಒಡೆಯ. ಅವನು ಕಟ್ಟಿಸಿದ ಮದರಸಾ 1472ರಲ್ಲಿ ಪೂರ್ಣಗೊಂಡಿತು. ಸುಮಾರು 205 ಅಡಿ ಉದ್ದ, 180 ಅಡಿ ಅಗಲದ ಆ ಮೂರಂತಸ್ತಿನ ಕಟ್ಟಡದಲ್ಲಿ ಪಾಠದ ಸಭಾಂಗಣಗಳು, ಮಸೀದಿ, ಗ್ರಂಥಾಲಯಗಳ ಜೊತೆಗೆ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ವಾಸದ ಕೋಣೆಗಳಿದ್ದವು. ಗ್ರಂಥಾಲಯದಲ್ಲಿ ಮೂರು ಸಾವಿರ ಹಸ್ತಪ್ರತಿಗಳಿದ್ದವೆಂದು ಪ್ರತೀತಿ. ವಿದ್ಯಾರ್ಥಿಗಳಿಗೆ ಊಟ, ವಸತಿ ಎಲ್ಲವೂ ಧರ್ಮಾರ್ಥವಾಗಿ ದೊರೆಯುತ್ತಿದ್ದವು.

ಇಲ್ಲಿ ಗಮನಿಸಬೇಕಾದ ಅಂಶ ಒಂದಿದೆ. ಗಾವಾನನು ಪಾಠದ ಕೋಣೆಗಳನ್ನಷ್ಟೇ ಕಟ್ಟಿಸಲಿಲ್ಲ. ದೂರದಿಂದ ಬಂದವನು ಎಲ್ಲಿ ಮಲಗಬೇಕು, ಏನನ್ನು ಉಣ್ಣಬೇಕು ಎಂಬುದನ್ನೂ ಕಟ್ಟಡದ ನಕ್ಷೆಯೊಳಗೇ ಸೇರಿಸಿದನು. ಇನ್ನೊಂದು ಅಂಶವನ್ನು ಇತಿಹಾಸಕಾರ ಫೆರಿಶ್ತಾ ದಾಖಲಿಸಿದ್ದಾನೆ. ರಾಜ್ಯದ ಅತ್ಯುನ್ನತ ಅಧಿಕಾರದಲ್ಲಿದ್ದಾಗಲೂ ಗಾವಾನನು ತನ್ನ ಸ್ವಂತ ಅನ್ನವಸ್ತ್ರಗಳ ಖರ್ಚನ್ನು ತಾನು ಊರಿನಿಂದ ತಂದಿದ್ದ ಮೂಲಧನದ ವ್ಯಾಪಾರದ ಲಾಭದಿಂದಲೇ ನಡೆಸುತ್ತಿದ್ದನಂತೆ. 1481ರಲ್ಲಿ ಸುಳ್ಳು ಪತ್ರವೊಂದರ ಆಧಾರದ ಮೇಲೆ ಸುಲ್ತಾನನು ಅವನನ್ನು ಕೊಲ್ಲಿಸಿದಾಗ, ಅಪಾರ ಸಂಪತ್ತು ಸಿಕ್ಕೀತೆಂದು ಭಂಡಾರವನ್ನು ತೆರೆಸಿದವರಿಗೆ ಹೆಚ್ಚೇನೂ ಸಿಕ್ಕಲಿಲ್ಲ. ಪರಿಗ್ರಹಕ್ಕೆ ಮಿತಿ ಹಾಕಿಕೊಳ್ಳುವುದು ಯಾವುದೋ ಒಂದೇ ಮತದ ಸೊತ್ತಲ್ಲ ಎಂಬುದಕ್ಕೆ ಈ ವೃತ್ತಾಂತ ಸಾಕ್ಷಿ.

ಆದರೆ ಆ ಮದರಸಾ ಏನಾಯಿತು? ಬಹಮನಿ ರಾಜ್ಯ ಒಡೆದು ಹೋಯಿತು. ಹದಿನೇಳನೆಯ ಶತಮಾನದ ಮಧ್ಯದಲ್ಲಿ ಬೀದರ ಮೊಗಲರ ವಶವಾಯಿತು. ಅದೇ ಶತಮಾನದ ಕೊನೆಯಲ್ಲಿ ಕಟ್ಟಡದಲ್ಲಿ ಸಂಗ್ರಹಿಸಿಟ್ಟಿದ್ದ ಮದ್ದು ಸ್ಫೋಟಗೊಂಡು ಒಂದು ಭಾಗ ನೆಲಸಮವಾಯಿತು. ಎರಡು ಗೋಪುರಗಳಲ್ಲಿ ಒಂದು ಮಾತ್ರ ಉಳಿಯಿತು. ವಿದ್ಯಾಲಯದ ಕೋಣೆಗಳಲ್ಲಿ ಸಿಡಿಮದ್ದನ್ನು ತುಂಬುವ ಸ್ಥಿತಿ ಬಂದಿತೆಂದರೆ ಅದನ್ನು ಪೋಷಿಸುವ ಕೈ ಎಂದೋ ಹಿಂದೆ ಸರಿದಿತ್ತೆಂದೇ ಅರ್ಥ. ಒಬ್ಬ ಮಹಾದಾನಿ, ಒಂದು ಅರಸೊತ್ತಿಗೆ ಇವೆರಡನ್ನೇ ನಂಬಿದ ವಿದ್ಯಾಲಯ ಅವರೊಡನೆಯೇ ಅಸ್ತಂಗತವಾಗುತ್ತದೆ. ಇದು ಬೀದರಿನ ಇತಿಹಾಸ ಕಲಿಸುವ ಮೊದಲ ಪಾಠ.

ಗಾವಾನನ ಕಾಲದಿಂದ ನಾಲ್ಕು ನೂರು ವರ್ಷಗಳಿಗೂ ಹೆಚ್ಚು ಕಾಲವನ್ನು ದಾಟಿ ನಿಜಾಮರ ಆಳ್ವಿಕೆಯ ಕೊನೆಯ ದಶಕಗಳಿಗೆ ಬರೋಣ. 1918ರಲ್ಲಿ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಭಾರತೀಯ ಭಾಷೆಯೊಂದರಲ್ಲಿ ಉನ್ನತ ಶಿಕ್ಷಣ ನೀಡಿದ ಕೀರ್ತಿ ಅದಕ್ಕೆ ಸಲ್ಲುತ್ತದೆ. ಆದರೆ ಆ ಭಾಷೆ ಉರ್ದು. ಕನ್ನಡ, ಮರಾಠಿ, ತೆಲುಗು ಮಾತನಾಡುವ ಬಹುಸಂಖ್ಯಾತ ಪ್ರಜೆಗಳ ಮಕ್ಕಳಿಗೆ ಅದು ಶಾಲೆಯಲ್ಲಿ ಕಲಿಯಬೇಕಾದ ಮತ್ತೊಂದು ಭಾಷೆಯೇ ಆಗಿತ್ತು. 1924ರ ಸುಮಾರಿಗೆ ಬಂದ ನಿಯಮಗಳ ಪ್ರಕಾರ ಸರಕಾರದ ಪೂರ್ವಾನುಮತಿಯಿಲ್ಲದೆ ಖಾಸಗಿ ಶಾಲೆ ತೆರೆಯುವಂತಿರಲಿಲ್ಲ. ಹಳ್ಳಿಹಳ್ಳಿಗಳಲ್ಲಿ ಜನರೇ ನಡೆಸುತ್ತಿದ್ದ ಎಷ್ಟೋ ಶಾಲೆಗಳು ಇದರಿಂದ ಮುಚ್ಚಿಹೋದವು. ಪರಿಣಾಮವಾಗಿ 1951ರ ಜನಗಣತಿಯ ವೇಳೆಗೆ ಹೈದರಾಬಾದ್ ರಾಜ್ಯದಲ್ಲಿ ಅಕ್ಷರಸ್ಥರು ನೂರಕ್ಕೆ ಸುಮಾರು ಒಂಬತ್ತು ಮಂದಿ ಮಾತ್ರ. ಆ ಕಾಲದಲ್ಲಿ ವಿದ್ಯೆಯ ಬೆಲೆಯನ್ನು ರೂಪಾಯಿಗಳಲ್ಲಿ ಅಳೆಯುವುದು ಸಾಲದು. ತಾಯಿನುಡಿಯನ್ನು ಬದಿಗಿರಿಸುವುದು, ಗುಲ್ಬರ್ಗಾಕ್ಕೋ ಹೈದರಾಬಾದಿಗೋ ಹೋಗಿ ನೆಲೆಸುವುದು, ಇವೂ ಆ ಬೆಲೆಯೊಳಗೇ ಸೇರಿದ್ದವು. ಇಷ್ಟನ್ನು ತೆರಬಲ್ಲ ಮನೆಗಳು ಒಂದು ಊರಿಗೆ ಒಂದೋ ಎರಡೋ ಇದ್ದಾವು.

ಇಂತಹ ಕಾಲದಲ್ಲಿ ಭಾಲ್ಕಿಯ ಹಿರೇಮಠದ ಪೂಜ್ಯ ಚನ್ನಬಸವ ಪಟ್ಟದ್ದೇವರು ಮಾಡಿದ ಕಾರ್ಯ ಗಡಿನಾಡಿನ ಇತಿಹಾಸದಲ್ಲಿ ಅಚ್ಚಳಿಯದೆ ನಿಂತಿದೆ. ಅಂದಿನ ಔರಾದ ತಾಲೂಕಿಗೆ ಸೇರಿದ್ದ ಕಮಲನಗರ ಅವರ ಜನ್ಮಸ್ಥಳ. ಅಲ್ಲಿಯೂ ಭಾಲ್ಕಿಯಲ್ಲಿಯೂ ಅವರು ಶಾಲೆಗಳನ್ನು ನಡೆಸಿದರು. ಹೊರಗೆ ಉರ್ದು ಫಲಕ, ಒಳಗೆ ಕನ್ನಡದ ಪಾಠ ಎಂಬ ಮಾತು ಆ ಶಾಲೆಗಳಿಂದಲೇ ಹುಟ್ಟಿ ಇಂದಿಗೂ ಜನರ ಬಾಯಲ್ಲಿದೆ. ಮಠದ ದಾಸೋಹ, ಹಳ್ಳಿಗಳಿಂದ ಬಂದ ಜೋಳಿಗೆಯ ಧಾನ್ಯ ಇವೇ ಆ ವಿದ್ಯಾರ್ಥಿಗಳ ಊಟದ ಮೂಲ. ಇಲ್ಲಿ ಮಹಾದಾನಿ ಎಂಬ ಒಬ್ಬನಿರಲಿಲ್ಲ. ಸೇರು, ಪಾವು ಲೆಕ್ಕದಲ್ಲಿ ಕೊಟ್ಟ ನೂರಾರು ರೈತ ಮನೆಗಳಿದ್ದವು. ಗಾವಾನನ ಮದರಸೆಗೂ ಭಾಲ್ಕಿಯ ಶಾಲೆಗೂ ಇರುವ ಮುಖ್ಯ ವ್ಯತ್ಯಾಸ ಇದೇ. ಒಂದು ಮನೆಯವರು ಈ ವರ್ಷ ಕೊಡಲಾಗದಿದ್ದರೆ ಮತ್ತೊಂದು ಮನೆಯವರು ಕೊಡುತ್ತಿದ್ದರು. ಕೊಟ್ಟವರೆಲ್ಲರಿಗೂ ಅದು ತಮ್ಮ ಶಾಲೆಯೆಂಬ ಭಾವನೆ ಇರುತ್ತಿತ್ತು. 1999ರಲ್ಲಿ, ನೂರು ದಾಟಿದ ವಯಸ್ಸಿನಲ್ಲಿ, ಪಟ್ಟದ್ದೇವರು ಲಿಂಗೈಕ್ಯರಾದರು. ಅವರಿಂದ ಮೊದಲಾದ ಶಾಂತಿವರ್ಧಕ ಶಿಕ್ಷಣ ಸಂಸ್ಥೆಯ ಪರಂಪರೆ ಮುಂದುವರಿದಿದೆ. ಇದು ಎರಡನೆಯ ಪಾಠ: ದೊಡ್ಡ ದಾನಿಗಳು ಕಟ್ಟಡವನ್ನು ಎಬ್ಬಿಸಬಲ್ಲರು, ಸಣ್ಣ ದಾನಿಗಳು ಸಂಸ್ಥೆಯನ್ನು ಉಳಿಸಬಲ್ಲರು.

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಹಳೆಯ ಬೀದರ ಜಿಲ್ಲೆ ಮೂರು ಪಾಲಾಯಿತು. ಉದಗೀರ, ನಿಲಂಗಾ, ಅಹಮದಪುರ ತಾಲೂಕುಗಳು ಅಂದಿನ ಮುಂಬಯಿ ರಾಜ್ಯಕ್ಕೆ ಹೋದವು. ನಾರಾಯಣಖೇಡ ಮತ್ತು ಜಹೀರಾಬಾದಿನ ಬಹುಭಾಗ ಆಂಧ್ರಕ್ಕೆ ಸೇರಿದವು. ಉಳಿದ ತಾಲೂಕುಗಳು ಮೈಸೂರು ರಾಜ್ಯದ ಉತ್ತರದ ತುತ್ತತುದಿಯಾದವು. ಮೈಸೂರಿಗೆ ಸೇರಿದ ಸಂತೋಷದ ಜೊತೆಗೆ ಒಂದು ತೊಡಕೂ ಬಂದಿತು. ಇಲ್ಲಿಯ ಕಾಲೇಜುಗಳಿಗೆ ವಿಶ್ವವಿದ್ಯಾಲಯವಾಗಿ ದೊರೆತದ್ದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ. ಬೀದರಿನಿಂದ ಅಲ್ಲಿಗೆ ನಾನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ. 1980ರಲ್ಲಿ ಗುಲ್ಬರ್ಗಾ ವಿಶ್ವವಿದ್ಯಾಲಯ ಸ್ಥಾಪನೆಯಾಗುವವರೆಗೆ ಒಂದು ಅಂಕಪಟ್ಟಿಯ ದೋಷ ತಿದ್ದಿಸಬೇಕಾದರೂ ವಿದ್ಯಾರ್ಥಿಯ ಬಡ ತಂದೆ ಆ ದೂರವನ್ನು ಲೆಕ್ಕ ಹಾಕಬೇಕಾಗಿತ್ತು. ದೂರವೂ ಒಂದು ಶುಲ್ಕವೇ ಎಂಬುದನ್ನು ಗಡಿನಾಡಿನವರಿಗೆ ಯಾರೂ ಕಲಿಸಬೇಕಾಗಿಲ್ಲ.

ಈ ದೂರವನ್ನು ಕಡಿಮೆ ಮಾಡಿದವರು ಸ್ಥಳೀಯ ಶಿಕ್ಷಣ ಸಂಸ್ಥೆಗಳವರು. ಮಹಾದೇವಪ್ಪ ರಾಂಪೂರೆಯವರ ನೇತೃತ್ವದಲ್ಲಿ 1958ರಲ್ಲಿ ಗುಲ್ಬರ್ಗಾದಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಹುಟ್ಟಿ, ಅದೇ ವರ್ಷ ಇಂಜಿನಿಯರಿಂಗ್ ಕಾಲೇಜನ್ನೂ 1963ರಲ್ಲಿ ವೈದ್ಯಕೀಯ ಕಾಲೇಜನ್ನೂ ತೆರೆಯಿತು. ಬೀದರಿನ ಬಿ.ವಿ. ಭೂಮರೆಡ್ಡಿ ಕಾಲೇಜು ಅದೇ ಸಂಸ್ಥೆಯದು. ಬೀದರಿನವರೇ ಆದ ಕರ್ನಾಟಕ ರಾಷ್ಟ್ರೀಯ ಶಿಕ್ಷಣ ಸಂಸ್ಥೆಯವರು ಕರ್ನಾಟಕ ಕಾಲೇಜನ್ನು ನಡೆಸಿದರು. ಶಾಂತಿವರ್ಧಕ ಸಂಸ್ಥೆಯ ಆಶ್ರಯದಲ್ಲಿ ಭಾಲ್ಕಿಯ ಚನ್ನಬಸವೇಶ್ವರ ಕಾಲೇಜು, ಬೀದರಿನ ಅಕ್ಕಮಹಾದೇವಿ ಮಹಿಳಾ ಕಾಲೇಜು ಮೊದಲಾದವು ಬೆಳೆದವು. 1980ರಲ್ಲಿ ನಾನಕ ಝರಾ ಸಾಹೇಬ್ ಪ್ರತಿಷ್ಠಾನದವರು ಗುರುನಾನಕ ದೇವ ಇಂಜಿನಿಯರಿಂಗ್ ಕಾಲೇಜನ್ನು ಬೀದರಿನಲ್ಲಿ ತೆರೆದರು. 1982ರಲ್ಲಿ ಭಾಲ್ಕಿಯಲ್ಲಿ ಗ್ರಾಮೀಣ ಇಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ಅದಕ್ಕೆ ಮುಂದೆ ಸ್ವಾತಂತ್ರ್ಯ ಹೋರಾಟಗಾರ ಭೀಮಣ್ಣ ಖಂಡ್ರೆಯವರ ಹೆಸರನ್ನು ಇಡಲಾಯಿತು. ತಾಲೂಕು ಕೇಂದ್ರವೊಂದರಲ್ಲಿ ಇಂಜಿನಿಯರಿಂಗ್ ಕಾಲೇಜು ಎಂಬುದು ಆ ಕಾಲಕ್ಕೆ ಸಾಹಸದ ಮಾತೇ ಸರಿ. ವೀರಶೈವ ಮಠ, ಸಿಖ್ಖರ ಗುರುದ್ವಾರ, ಊರಿನ ವರ್ತಕರು, ವಕೀಲರು, ಜಮೀನುದಾರರು, ಹೀಗೆ ಒಂದೊಂದು ಸಮಾಜವೂ ತನ್ನ ಶಕ್ತ್ಯನುಸಾರ ಒಂದೊಂದು ಇಟ್ಟಿಗೆಯನ್ನು ಇಟ್ಟಿತು.

ಇವುಗಳಲ್ಲಿ ಕಲಾ, ವಾಣಿಜ್ಯ, ವಿಜ್ಞಾನ ಕಾಲೇಜುಗಳ ಶುಲ್ಕ ಬಹುಕಾಲ ಜನಸಾಮಾನ್ಯರ ಕೈಗೆಟುಕುವಂತಿತ್ತು. ಇದರ ಗುಟ್ಟು ಒಂದು ಅಪೂರ್ವ ಪಾಲುದಾರಿಕೆಯಲ್ಲಿದೆ. ಭೂಮಿ ಮತ್ತು ಕಟ್ಟಡ ಸಮಾಜದ್ದು, ಅಧ್ಯಾಪಕರ ವೇತನ ಸರಕಾರದ ಅನುದಾನದ್ದು, ವಿದ್ಯಾರ್ಥಿಯಿಂದ ಬರುವುದು ಅಲ್ಪ ಶುಲ್ಕ. ಕಾಲೇಜಿನ ಖರ್ಚಿನಲ್ಲಿ ಸಿಂಹಪಾಲು ವೇತನವೇ ಆದುದರಿಂದ ಅದನ್ನು ಸರಕಾರ ಹೊತ್ತಾಗ ಉಳಿದದ್ದನ್ನು ಸಮಾಜ ಹೊರಬಲ್ಲದಾಯಿತು. ಎಂಬತ್ತರ ದಶಕದ ಕೊನೆಯ ಬಳಿಕ ಹೊಸ ಸಂಸ್ಥೆಗಳಿಗೆ ಅನುದಾನದ ಬಾಗಿಲು ಕಿರಿದಾಯಿತು. ಮೂರು ಕಾಲಿನ ಪೀಠದ ಒಂದು ಕಾಲು ಮುರಿದಂತಾಗಿ, ಅದರ ಭಾರವೆಲ್ಲ ಶುಲ್ಕವೆಂಬ ಕಾಲಿನ ಮೇಲೆ ಬಿದ್ದಿತು. ಇಂದು ಹೊಸ ಖಾಸಗಿ ಕಾಲೇಜೊಂದರ ಶುಲ್ಕವನ್ನು ಕಂಡು ಅಚ್ಚರಿಪಡುವವರು ಈ ಸರಳ ಲೆಕ್ಕವನ್ನು ಮೊದಲು ತಿಳಿಯಬೇಕು.

ಶುಲ್ಕಕ್ಕೆ ಲಗಾಮು ಇಲ್ಲದಿದ್ದರೆ ವಿದ್ಯಾದಾನ ಹೇಗೆ ವಿದ್ಯಾವಿಕ್ರಯವಾಗುತ್ತದೆ ಎಂಬುದನ್ನು ನಮ್ಮ ರಾಜ್ಯವೇ ದೇಶಕ್ಕೆ ತೋರಿಸಿಕೊಟ್ಟಿತು. ವೃತ್ತಿಶಿಕ್ಷಣದ ಕಾಲೇಜುಗಳಲ್ಲಿ ಡೊನೇಶನ್ ಎಂಬ ಹೆಸರಿನ ವಸೂಲಿ ಎಷ್ಟು ಬೆಳೆಯಿತೆಂದರೆ, 1984ರಲ್ಲಿ ಅದನ್ನು ನಿಷೇಧಿಸುವ ಕಾಯಿದೆಯನ್ನೇ ಮಾಡಬೇಕಾಯಿತು. ದಾನ ಎಂಬ ಪವಿತ್ರ ಶಬ್ದಕ್ಕೆ ಇಂಗ್ಲಿಷಿನಲ್ಲಿ ಒದಗಿದ ಈ ದುರ್ಗತಿಯನ್ನು ನೆನೆದರೆ ಖೇದವಾಗುತ್ತದೆ. 1992ರಲ್ಲಿ ಮೋಹಿನಿ ಜೈನ್ ಮತ್ತು ಕರ್ನಾಟಕ ರಾಜ್ಯದ ನಡುವಿನ ಮೊಕದ್ದಮೆ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತು. ಅಂದು ರಾಜ್ಯದ ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ಸರಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಕರ್ನಾಟಕದ ಇತರ ವಿದ್ಯಾರ್ಥಿಗೆ 25,000, ಹೊರರಾಜ್ಯದವರಿಗೆ 60,000 ಎಂದು ಶುಲ್ಕ ನಿಗದಿಯಾಗಿತ್ತು. ಶಿಕ್ಷಣವು ಪ್ರಜೆಯ ಹಕ್ಕು, ಅದನ್ನು ಹೀಗೆ ಮಾರುವಂತಿಲ್ಲ ಎಂದು ನ್ಯಾಯಾಲಯ ತೀರ್ಪಿತ್ತಿತು. 1993ರ ಉನ್ನಿಕೃಷ್ಣನ್ ತೀರ್ಪು ಇದನ್ನು ಮಿತಗೊಳಿಸಿ, ಹದಿನಾಲ್ಕು ವರ್ಷದವರೆಗಿನ ಶಿಕ್ಷಣ ಮಾತ್ರ ಆ ರೀತಿಯ ಹಕ್ಕು, ಮುಂದಿನದು ರಾಜ್ಯದ ಆರ್ಥಿಕ ಶಕ್ತಿಗೆ ಒಳಪಟ್ಟದ್ದು ಎಂದಿತು. 2002ರ ಟಿ.ಎಂ.ಎ. ಪೈ ಪ್ರತಿಷ್ಠಾನದ ತೀರ್ಪು ಖಾಸಗಿ ಸಂಸ್ಥೆಗಳಿಗೆ ಶುಲ್ಕ ನಿಗದಿಯಲ್ಲಿ ಸ್ವಾತಂತ್ರ್ಯ ಕೊಟ್ಟರೂ ಲಾಭಕೋರತನವನ್ನೂ ಕ್ಯಾಪಿಟೇಶನ್ ಶುಲ್ಕವನ್ನೂ ಒಪ್ಪಲಿಲ್ಲ. ನ್ಯಾಯಾಲಯ ಗರಿಷ್ಠ ಮಿತಿಯನ್ನು ಹೇಳಬಲ್ಲದು, ಔದಾರ್ಯವನ್ನು ಆಜ್ಞಾಪಿಸಲಾರದು. ಅದು ಸಮಾಜದಿಂದಲೇ ಹುಟ್ಟಬೇಕು.

ಹೊರಗಿನ ಜಗತ್ತಿನಲ್ಲಿಯೂ ಇದೇ ಪ್ರಶ್ನೆಗೆ ಉತ್ತರ ಹುಡುಕಿದವರುಂಟು. ಅಮೆರಿಕದ ಇಲಿನಾಯ್ ರಾಜ್ಯದ ಜೋಲಿಯೆಟ್ ಎಂಬ ಊರಿನಲ್ಲಿ 1901ರಲ್ಲಿ ಆರು ಮಂದಿ ವಿದ್ಯಾರ್ಥಿಗಳೊಡನೆ ಒಂದು ಎರಡು ವರ್ಷದ ಕಾಲೇಜು ಪ್ರಾರಂಭವಾಯಿತು. ಊರಿನ ಮಕ್ಕಳು ಮನೆಯಲ್ಲಿಯೇ ಇದ್ದು, ಮನೆಯ ಊಟ ಉಂಡು, ಪದವಿಯ ಮೊದಲ ಎರಡು ವರ್ಷಗಳನ್ನು ಮುಗಿಸಲಿ ಎಂಬುದು ಅದರ ಆಶಯ. 1947ರಲ್ಲಿ ಅಧ್ಯಕ್ಷ ಟ್ರೂಮನ್ನರ ಆಯೋಗ ಇಂಥವನ್ನು ‘ಕಮ್ಯುನಿಟಿ ಕಾಲೇಜು’ ಎಂದು ಕರೆದು ದೇಶದಾದ್ಯಂತ ಹರಡಲು ಶಿಫಾರಸು ಮಾಡಿತು. ನಮ್ಮಲ್ಲಿ 1995ರಲ್ಲಿ ಪಾಂಡಿಚೇರಿಯಲ್ಲಿ ಆ ಹೆಸರಿನ ಮೊದಲ ಕಾಲೇಜು ಬಂದಿತು. ಆದರೆ ಹೆಸರನ್ನು ಬದಿಗಿಟ್ಟು ತತ್ತ್ವವನ್ನು ನೋಡಿದರೆ ಭಾಲ್ಕಿಯ ಕಾಲೇಜೂ ಅದೇ ಜಾತಿಯದು. ಮನೆಗೆ ಹತ್ತಿರ, ಶುಲ್ಕ ಕಡಿಮೆ, ಬಂದವರಿಗೆಲ್ಲ ಬಾಗಿಲು ತೆರೆದದ್ದು.

ನಮ್ಮ ಸಮಾಜದಲ್ಲಿಯೇ ಹುಟ್ಟಿದ ಕರ್ಮವೀರ ಭಾವುರಾವ್ ಪಾಟೀಲರನ್ನು ಈ ಸಂದರ್ಭದಲ್ಲಿ ನೆನೆಯದಿರುವುದು ಅನುಚಿತ. 1887ರಲ್ಲಿ ಕುಂಭೋಜದ ಜೈನ ಕುಟುಂಬದಲ್ಲಿ ಜನಿಸಿದ ಅವರು ವಿದ್ಯಾರ್ಥಿದೆಸೆಯಲ್ಲಿ ಕೊಲ್ಲಾಪುರದ ಜೈನ ಬೋರ್ಡಿಂಗಿನಲ್ಲಿದ್ದರು. ಅಸ್ಪೃಶ್ಯರೆನಿಸಿದ ಮಕ್ಕಳ ವಸತಿಗೃಹದ ಪ್ರಾರಂಭೋತ್ಸವಕ್ಕೆ ಹೋಗಿಬಂದು, ಶುದ್ಧಿಸ್ನಾನ ಮಾಡಲು ಒಪ್ಪದೆ, ಆ ಬೋರ್ಡಿಂಗನ್ನು ಬಿಡಬೇಕಾಯಿತೆಂದು ಅವರ ಜೀವನಚರಿತ್ರಕಾರರು ಬರೆದಿದ್ದಾರೆ. 1919ರಲ್ಲಿ ಅವರು ರಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದರು. ಅದರ ವಸತಿಗೃಹಗಳಲ್ಲಿ ಎಲ್ಲ ಜಾತಿಯ ಮಕ್ಕಳೂ ಒಂದೇ ಪಂಕ್ತಿಯಲ್ಲಿ ಉಂಡರು. 1947ರಲ್ಲಿ ಸಾತಾರದಲ್ಲಿ ತೆರೆದ ಕಾಲೇಜಿನಲ್ಲಿ ‘ದುಡಿ ಮತ್ತು ಕಲಿ’ ಎಂಬ ಪದ್ಧತಿ ನಡೆಯಿತು. ಹೊಲದಲ್ಲಿ, ತೋಟದಲ್ಲಿ, ಕಟ್ಟಡದ ಕೆಲಸದಲ್ಲಿ ದಿನಕ್ಕೆ ಕೆಲವು ಗಂಟೆ ದುಡಿದ ವಿದ್ಯಾರ್ಥಿ ತನ್ನ ಓದಿನ ಖರ್ಚನ್ನು ತಾನೇ ಗಳಿಸಿಕೊಂಡನು. ದಾನ ಪಡೆಯುವವನ ತಲೆ ತಗ್ಗದಂತೆ ದಾನ ಮಾಡುವುದು ಹೇಗೆಂಬುದನ್ನು ಅವರು ಕಂಡುಕೊಂಡಿದ್ದರು. ಇದು ಮೂರನೆಯ ಪಾಠ. ನಮ್ಮ ಬೋರ್ಡಿಂಗು ಕಳೆದುಕೊಂಡ ಹುಡುಗ ನಾಡಿಗೆಲ್ಲ ಬೋರ್ಡಿಂಗುಗಳನ್ನು ಕಟ್ಟಿದನೆಂಬುದನ್ನು ನಾವು ಅಭಿಮಾನದಿಂದಲೂ, ಅದಕ್ಕಿಂತ ಹೆಚ್ಚಾಗಿ ಆತ್ಮಪರೀಕ್ಷೆಯಿಂದಲೂ ಓದಬೇಕು.

ಬೀದರಿಗೆ ಮರಳೋಣ. 1989ರಲ್ಲಿ ಅಬ್ದುಲ್ ಖದೀರರು ಒಂದು ಕೋಣೆಯಲ್ಲಿ, ಇಪ್ಪತ್ತಕ್ಕಿಂತ ಕಡಿಮೆ ಮಕ್ಕಳೊಡನೆ ಆರಂಭಿಸಿದ ಶಾಹೀನ್ ಸಂಸ್ಥೆ ಇಂದು ವೈದ್ಯಕೀಯ ಪ್ರವೇಶಪರೀಕ್ಷೆಯ ತರಬೇತಿಗೆ ದೇಶದಲ್ಲೆಲ್ಲ ಹೆಸರಾಗಿದೆ. ನಮ್ಮ ವಿಷಯಕ್ಕೆ ಮುಖ್ಯವಾದದ್ದು ಅದರ ಇನ್ನೊಂದು ಕಾರ್ಯ. ಮದರಸೆಗಳಲ್ಲಿ ಓದಿ ಗಣಿತ, ವಿಜ್ಞಾನಗಳ ಪರಿಚಯವಿಲ್ಲದೆ ಬಂದ ಮಕ್ಕಳಿಗೆ, ಓದಿನಲ್ಲಿ ಹಿಂದೆ ಬಿದ್ದವರಿಗೆ, ಪ್ರತ್ಯೇಕ ಸೇತುಬಂಧ ತರಗತಿಗಳನ್ನು ನಡೆಸಿ ಅವರನ್ನು ಮುಖ್ಯ ತರಗತಿಗೆ ಸೇರಿಸುವ ಪದ್ಧತಿಯನ್ನು ಅಲ್ಲಿ ರೂಪಿಸಿದರು. ಪ್ರವೇಶ ಕೊಟ್ಟ ಮಾತ್ರಕ್ಕೆ ಕರ್ತವ್ಯ ಮುಗಿಯಲಿಲ್ಲ, ಮುಗಿಸುವವರೆಗೆ ಕೈ ಹಿಡಿಯಬೇಕು ಎಂಬ ತಿಳಿವು ಇದರ ಹಿಂದಿದೆ. ಇದನ್ನು ನಾಲ್ಕನೆಯ ಪಾಠವೆನ್ನಬಹುದು.

ಸರಕಾರವೂ ಈ ಶತಮಾನದಲ್ಲಿ ಹಿಂದೆ ಬಿದ್ದಿಲ್ಲವೆಂಬುದನ್ನು ಒಪ್ಪಬೇಕು. 2004ರಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯ, 2007ರಲ್ಲಿ ಸರಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆ, 2023ರಲ್ಲಿ ಬೀದರ ವಿಶ್ವವಿದ್ಯಾಲಯ ಬಂದವು. ಔರಾದದಂತಹ ತಾಲೂಕು ಕೇಂದ್ರದಲ್ಲಿಯೂ ಸರಕಾರಿ ಪ್ರಥಮ ದರ್ಜೆ ಕಾಲೇಜಿದೆ. ಸಂವಿಧಾನದ 98ನೆಯ ತಿದ್ದುಪಡಿಯಿಂದ ಸೇರಿದ 371(ಜೆ) ವಿಧಿ 2013ರಿಂದ ಈ ಭಾಗದ ವಿದ್ಯಾರ್ಥಿಗಳಿಗೆ ಪ್ರವೇಶದಲ್ಲಿ ಮೀಸಲಾತಿ ಒದಗಿಸಿತು. ಹಾಸ್ಟೆಲಿನಲ್ಲಿ ಸ್ಥಳ ದೊರೆಯದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಕೊಡುವ ಕ್ರಮದಿಂದ ಆರಂಭವಾದ ವಿದ್ಯಾಸಿರಿ ಯೋಜನೆಯೂ ಅದೇ ಕಾಲದ್ದು. 2023ರ ಜೂನ್ 11ರಿಂದ ರಾಜ್ಯದ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಹೆಂಗಸರಿಗೆ ಪ್ರಯಾಣ ಉಚಿತವಾದದ್ದು ಹಳ್ಳಿಯಿಂದ ಕಾಲೇಜಿಗೆ ಬರುವ ಹೆಣ್ಣುಮಕ್ಕಳ ಮಟ್ಟಿಗೆ ದೊಡ್ಡ ವಿದ್ಯಾರ್ಥಿವೇತನವೇ ಆಯಿತು.

ಹೀಗಿದ್ದರೂ 2011ರ ಜನಗಣತಿಯಂತೆ ಜಿಲ್ಲೆಯ ಸಾಕ್ಷರತೆ ನೂರಕ್ಕೆ ಸುಮಾರು 70, ರಾಜ್ಯದ್ದು 75. ಜಿಲ್ಲೆಯ ಹೆಂಗಸರಲ್ಲಿ ಅದು ಸುಮಾರು 61 ಮಾತ್ರ. ಅಂದರೆ ಇಂದು ಕಾಲೇಜಿನ ಮೆಟ್ಟಿಲೇರುವ ಎಷ್ಟೋ ಮಕ್ಕಳ ತಾಯಂದಿರು ಅಕ್ಷರ ಬಲ್ಲವರಲ್ಲ. ಅರ್ಜಿ ತುಂಬುವುದು ಹೇಗೆ, ವಿದ್ಯಾರ್ಥಿವೇತನ ತಡವಾದರೆ ಯಾರನ್ನು ಕೇಳುವುದು, ಒಂದು ವಿಷಯದಲ್ಲಿ ಅನುತ್ತೀರ್ಣಳಾದರೆ ಮುಂದೇನು ಎಂಬುದನ್ನು ಮನೆಯಲ್ಲಿ ಹೇಳಿಕೊಡುವವರಿಲ್ಲ.

ವ್ಯಾಪಾರಿಯ ಪದ್ಧತಿಯಂತೆ ಒಂದು ಖಾತೆಯನ್ನು ಬರೆದು ನೋಡೋಣ. ಔರಾದ ತಾಲೂಕಿನ ಗಡಿಹಳ್ಳಿಯೊಂದರ ಕೂಲಿಕಾರ ದಂಪತಿಗಳ ಮಗಳು ಬೀದರಿನ ಕಾಲೇಜಿಗೆ ಸೇರಿದಳೆಂದು ಇಟ್ಟುಕೊಳ್ಳಿ. ಔರಾದದಿಂದ ಬೀದರ ಸುಮಾರು ನಾಲ್ವತ್ತು ಕಿಲೋಮೀಟರ್. ಭಾಲ್ಕಿ, ಕಮಲನಗರಗಳಿಗಿರುವ ರೈಲು ಔರಾದಕ್ಕಿಲ್ಲ. ಖಾತೆಯ ಮೊದಲ ಸಾಲು ಕಾಲೇಜಿನ ಶುಲ್ಕ. ಅನುದಾನಿತ ಕಾಲೇಜಾದರೆ ಅದು ಹೇಗೋ ಹೊಂದೀತು. ಎರಡನೆಯದು ಕೋಣೆಯ ಬಾಡಿಗೆ, ಮೂರನೆಯದು ಊಟ, ನಾಲ್ಕನೆಯದು ಪುಸ್ತಕ ಮತ್ತು ಪರೀಕ್ಷಾಶುಲ್ಕ. ಐದನೆಯದನ್ನು ಯಾರೂ ಬರೆಯುವುದಿಲ್ಲ: ಅವಳು ಮನೆಯಲ್ಲಿದ್ದಿದ್ದರೆ ತೊಗರಿಯ, ಸೋಯಾದ ಹೊಲದಲ್ಲಿ ದುಡಿದು ತರುತ್ತಿದ್ದ ಕೂಲಿ. ಶುಲ್ಕವನ್ನು ಪೂರ್ತಿಯಾಗಿ ಮನ್ನಾ ಮಾಡಿದರೂ ಉಳಿದ ನಾಲ್ಕು ಸಾಲುಗಳು ಹಾಗೆಯೇ ಇರುತ್ತವೆ. ಇಂತಹ ಮಕ್ಕಳು ಓದು ಬಿಡುವುದು ಬಹುಮಟ್ಟಿಗೆ ದೊಡ್ಡ ಮೊತ್ತಕ್ಕಾಗಿ ಅಲ್ಲ. ಪರೀಕ್ಷಾಶುಲ್ಕದ ಕೊನೆಯ ದಿನ ಕೈಯಲ್ಲಿಲ್ಲದ ಕೆಲವು ನೂರು ರೂಪಾಯಿ, ಮಳೆ ತಪ್ಪಿದ ವರ್ಷ ಕಟ್ಟಲಾಗದ ಎರಡು ತಿಂಗಳ ಬಾಡಿಗೆ, ಇವೇ ಕಾರಣ. ವ್ಯಾಪಾರದ ಭಾಷೆಯಲ್ಲಿ ಇದು ನಷ್ಟವಲ್ಲ, ನಗದಿನ ಅಡಚಣೆ. ಆಸ್ತಿಯಿದ್ದ ಅಂಗಡಿಯೂ ಒಮ್ಮೊಮ್ಮೆ ನಗದಿಲ್ಲದೆ ಮುಚ್ಚುತ್ತದೆ. ಆಸ್ತಿಯೇ ಇಲ್ಲದ ಮನೆಯ ಮಗು ಓದು ನಿಲ್ಲಿಸುವುದರಲ್ಲಿ ಆಶ್ಚರ್ಯವೇನು?

ಮೇಲಿನ ಇತಿಹಾಸದಿಂದ ನಮ್ಮ ಬಸದಿಗಳ ಟ್ರಸ್ಟುಗಳೂ ಅನುಕೂಲಸ್ಥ ಶ್ರಾವಕರೂ ಗ್ರಹಿಸಬಹುದಾದದ್ದೇನು? ನಮ್ಮ ಶಕ್ತಿಗೆ ಹೊಸ ಕಾಲೇಜು ಕಟ್ಟುವುದು ಎಲ್ಲೆಡೆ ಸಾಧ್ಯವಲ್ಲ, ಅದರ ಅಗತ್ಯವೂ ಇಲ್ಲ. ಕಾಲೇಜುಗಳು ಇವೆ. ಇಲ್ಲದಿರುವುದು ಅವುಗಳ ಸುತ್ತಲಿನ ಆಸರೆ. ಒಂದು ಬಾಡಿಗೆ ಮನೆಯಲ್ಲಿ ಹತ್ತು ಹೆಣ್ಣುಮಕ್ಕಳಿಗೆ ವಸತಿ ಮತ್ತು ಸಾತ್ವಿಕ ಊಟ, ಪರೀಕ್ಷಾಶುಲ್ಕಕ್ಕೂ ಆಪತ್ತಿಗೂ ಅರ್ಜಿಯ ಸಂಕೀರ್ಣತೆಯಿಲ್ಲದೆ ಅದೇ ದಿನ ದೊರೆಯುವ ಒಂದು ಸಣ್ಣ ನಿಧಿ, ಒಂದು ಬ್ಯಾಚಿನಿಂದ ಮುಂದಿನದಕ್ಕೆ ಹೋಗುವ ಪಠ್ಯಪುಸ್ತಕಗಳ ಭಂಡಾರ, ಸಂಜೆ ಎರಡು ಗಂಟೆ ಇಂಗ್ಲಿಷ್ ಮತ್ತು ಲೆಕ್ಕಶಾಸ್ತ್ರ ಹೇಳಿಕೊಡಲು ನಿವೃತ್ತ ಅಧ್ಯಾಪಕರೊಬ್ಬರು. ಕನ್ನಡದಲ್ಲಿಯೋ ಮರಾಠಿಯಲ್ಲಿಯೋ ಶಾಲೆ ಓದಿ ಬಂದವರು ಮೊದಲ ವರ್ಷದಲ್ಲಿ ಮುಗ್ಗರಿಸುವುದು ಇಂಗ್ಲಿಷಿನ ಹೊಸ್ತಿಲಲ್ಲಿಯೇ ಹೊರತು ಬುದ್ಧಿಯ ಕೊರತೆಯಿಂದಲ್ಲ. ಇಷ್ಟಕ್ಕೆ ಬೇಕಾದ ಹಣ ಒಂದು ದೊಡ್ಡ ಮಹೋತ್ಸವದ ಪೆಂಡಾಲಿನ ಖರ್ಚಿಗಿಂತ ಹೆಚ್ಚಾಗಲಾರದು.

ಮಹೋತ್ಸವಗಳು ಬೇಡವೇ ಎಂದು ಕೆಲವರು ಕೇಳಿಯಾರು. ಪೂಜೆ, ಪ್ರತಿಷ್ಠೆಗಳಿಗೆ ತಮ್ಮ ಸ್ಥಾನವಿದೆ. ಅವುಗಳಿಗಾಗಿ ಕೊಟ್ಟ ಹಣವನ್ನು ಬೇರೆಡೆ ತಿರುಗಿಸುವುದು ಕೊಟ್ಟವರ ಸಂಕಲ್ಪಕ್ಕೆ ದ್ರೋಹ. ಆದರೆ ಸಂಕಲ್ಪವಿಲ್ಲದ ಸಾಮಾನ್ಯ ನಿಧಿ ಎಷ್ಟೋ ಟ್ರಸ್ಟುಗಳಲ್ಲಿ ಬ್ಯಾಂಕಿನ ಠೇವಣಿಯಾಗಿ ಕುಳಿತಿರುತ್ತದೆ. ಧರ್ಮಾರ್ಥ ಸಂಸ್ಥೆ ತನ್ನ ಆದಾಯದ ಶೇಕಡಾ 85ನ್ನು ಉದ್ದೇಶಕ್ಕಾಗಿ ವಿನಿಯೋಗಿಸಬೇಕೆಂದು ಆದಾಯ ತೆರಿಗೆಯ ಕಾನೂನೇ ಹೇಳುತ್ತದೆ. ಕೂಡಿಡುವುದು ಟ್ರಸ್ಟಿನ ಧರ್ಮವಲ್ಲವೆಂಬುದನ್ನು ನಾವು ತೆರಿಗೆ ಅಧಿಕಾರಿಗಳಿಂದ ಕಲಿಯಬೇಕಾಗಿ ಬಂದದ್ದು ಶೋಭೆಯ ಸಂಗತಿಯಲ್ಲ.

ಇಂತಹ ನಿಧಿ ಗಾವಾನನ ಮದರಸೆಯ ಗತಿಯನ್ನು ಕಾಣಬಾರದೆಂದಿದ್ದರೆ ಕೆಲವು ಕಟ್ಟಳೆಗಳು ಅಗತ್ಯ. ಮೂಲಧನವನ್ನು ಮುಟ್ಟಬಾರದು. ಮಾತ್ರವಲ್ಲ, ಬೆಲೆಯೇರಿಕೆಯಿಂದ ಅದು ವರ್ಷವರ್ಷ ಸವೆಯುವುದರಿಂದ, ಪ್ರತಿವರ್ಷ ಸಮಾಜದಿಂದ ಹೊಸ ದೇಣಿಗೆಯನ್ನು ಮೂಲಧನಕ್ಕೇ ಸೇರಿಸುತ್ತ ಹೋಗಬೇಕು. ಒಬ್ಬ ದಾನಿಯ ಲಕ್ಷಕ್ಕಿಂತ ನೂರು ಮನೆಗಳ ಸಾವಿರ ಲೇಸು, ಏಕೆಂದರೆ ನೂರು ಮನೆಗಳು ಲೆಕ್ಕ ಕೇಳುತ್ತವೆ. ವಿದ್ಯಾರ್ಥಿನಿಧಿಗೆ ಪ್ರತ್ಯೇಕ ಖಾತೆಯಿದ್ದು ವರ್ಷಕ್ಕೊಮ್ಮೆ ಜಮಾಖರ್ಚನ್ನು ಬಸದಿಯ ಗೋಡೆಗೆ ಅಂಟಿಸಬೇಕು. ಸಮಾಜದ ಹೆಸರಿನಲ್ಲಿ ಹುಟ್ಟಿದ ಸಂಸ್ಥೆ ಒಂದು ಮನೆತನದ ಆಸ್ತಿಯಾಗಿ ಮಾರ್ಪಡುವುದು ಲೆಕ್ಕ ಮುಚ್ಚಿದ ದಿನದಿಂದಲೇ. ನೆರವು ಪಡೆದವರ ಹೆಸರನ್ನು ಮಾತ್ರ ಎಲ್ಲಿಯೂ ಪ್ರಕಟಿಸಬಾರದು. ವೇದಿಕೆಗೆ ಕರೆದು, ಹಾರ ಹಾಕಿಸಿಕೊಂಡು, ಬಡಮಗುವಿನ ಕೈಗೆ ಚೆಕ್ಕು ಕೊಡುವ ಛಾಯಾಚಿತ್ರದಲ್ಲಿ ದಾನಿಯ ಮಾನಕಷಾಯ ಬೆಳೆಯುತ್ತದೆ, ಮಗುವಿನ ಮಾನ ಕುಗ್ಗುತ್ತದೆ. ಎರಡೂ ಹಾನಿಯೇ.

ಕೊನೆಯದಾಗಿ, ಈ ನೆರವು ಯಾರಿಗೆ? ನಮ್ಮ ಮಕ್ಕಳಿಗೆ ಮಾತ್ರವೇ? ಈ ಸೀಮೆಯಲ್ಲಿ ನಮ್ಮ ಮನೆಗಳು ಅಲ್ಪಸಂಖ್ಯೆಯವು. ಮಠದ ದಾಸೋಹದಲ್ಲಿ ಉಂಡು ಕಲಿತವರು, ಗುರುದ್ವಾರದವರು ಕಟ್ಟಿದ ಕಾಲೇಜಿನಲ್ಲಿ ಇಂಜಿನಿಯರರಾದವರು ನಮ್ಮಲ್ಲಿಯೂ ಇದ್ದಾರೆ. ಅನ್ಯರು ನೆಟ್ಟ ಮರದ ನೆರಳನ್ನು ಅನುಭವಿಸಿದವರು ತಮ್ಮ ಮರಕ್ಕೆ ಬೇಲಿ ಹಾಕುವುದು ನ್ಯಾಯವಲ್ಲ. ಭಾವುರಾವ್ ಪಾಟೀಲರು ಆ ಪ್ರಶ್ನೆಗೆ ನೂರು ವರ್ಷಗಳ ಹಿಂದೆಯೇ ಉತ್ತರ ಕೊಟ್ಟಿದ್ದಾರೆ. ಅಗತ್ಯವನ್ನು ನೋಡಬೇಕು, ಜಾತಿಯನ್ನಲ್ಲ.

ಬೀದರಿನಲ್ಲಿ ಒಬ್ಬ ವರ್ತಕನು ಅರಸನ ಬಲದಿಂದ ವಿದ್ಯಾಲಯ ಕಟ್ಟಿದನು, ಅದು ಇಂದು ಪ್ರೇಕ್ಷಣೀಯ ಸ್ಮಾರಕ. ಭಾಲ್ಕಿಯಲ್ಲಿ ಒಬ್ಬ ಸನ್ಯಾಸಿಯು ಹಳ್ಳಿಗರ ಜೋಳಿಗೆಯ ಬಲದಿಂದ ಶಾಲೆ ನಡೆಸಿದರು, ಅದರ ಪರಂಪರೆ ಇಂದಿಗೂ ಪಾಠ ಹೇಳುತ್ತಿದೆ. ಔರಾದದ ಗಡಿಹಳ್ಳಿಗಳಿಂದ ಬೆಳಗಿನ ಮೊದಲ ಬಸ್ಸಿಗೆ ಹೊರಡುವ ಮಕ್ಕಳು ಇನ್ನೂ ಮೂರನೆಯ ವರ್ಷದವರೆಗೆ ತಲುಪಬೇಕಾಗಿದೆ. ಮುಂದಿನ ಪರೀಕ್ಷಾಶುಲ್ಕದ ಕೊನೆಯ ದಿನಾಂಕಕ್ಕೆ ಮೊದಲು ನಮ್ಮ ಟ್ರಸ್ಟುಗಳ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯಕ್ಕೆ ಒಂದು ಸಾಲು ದೊರೆತರೆ ಲೇಖಕನ ಶ್ರಮ ಸಾರ್ಥಕ.